ಸೀರೆ ಬಂತು, ಉತ್ತರ ಬರಲಿಲ್ಲ

ರಾಜಾಜಿನಗರದ ಒಂದು ರಾಮಮಂದಿರ. ಜಮಖಾನದ ಮೇಲೆ ಮೂವತ್ತು ಜನ ಇದ್ದಾರು. ಮಂಡಿನೋವಿನವರಿಗೆ ಗೋಡೆಗುಂಟ ಪ್ಲಾಸ್ಟಿಕ್ ಕುರ್ಚಿಗಳು. ಗಮಕಿಗಳು ಕುಮಾರವ್ಯಾಸ ಭಾರತದ ಸಭಾಪರ್ವ ಓದುತ್ತಿದ್ದರು. ದ್ರೌಪದಿಯ ಪ್ರಶ್ನೆ ಬಂತು. ತನ್ನನ್ನೇ ಸೋತುಕೊಂಡ ಮೇಲೆ ಧರ್ಮರಾಯ ನನ್ನನ್ನು ಪಣಕ್ಕಿಟ್ಟದ್ದು ಹೇಗೆ? ವ್ಯಾಖ್ಯಾನಕಾರರು ಭೀಷ್ಮನ ಇಕ್ಕಟ್ಟನ್ನು, ಧರ್ಮದ ಸೂಕ್ಷ್ಮವನ್ನು ಬಿಡಿಸಿ ಹೇಳಿದರು. ಮಂಗಳವಾಯಿತು. ಕೋಸಂಬರಿ ಹಂಚುವಾಗ ಹಿರಿಯರೊಬ್ಬರು ಎದ್ದರು. ಅವರು ಕೆಂಗೇರಿಯವರು, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿಕೊಂಡು ತಪ್ಪದೆ ಬರುತ್ತಾರೆ.

"ಸ್ವಾಮಿ, ಭೀಷ್ಮನಿಗೆ ಉತ್ತರ ಗೊತ್ತಿರಲಿಲ್ಲವೋ, ಹೇಳೋ ಧೈರ್ಯ ಇರಲಿಲ್ಲವೋ?"

"ಮೂವತ್ತು ವರ್ಷದಿಂದ ಅರ್ಥ ಹೇಳ್ತಿದ್ದೀನಿ ರಾಯರೇ. ಒಂದೊಂದು ಸಲ ಒಂದೊಂದು ಕಡೆ ವಾಲ್ತೀನಿ."

ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರು ನಡುವೆ ಬಂದರು. "ಕೃಷ್ಣ ಸೀರೆ ಕೊಟ್ಟ, ಸರಿ. ಅವಳ ಪ್ರಶ್ನೆಗೆ ಉತ್ತರ ಕೊಟ್ಟೋರು ಯಾರು?"

"ವಿಕರ್ಣ ಎದ್ದು ಮಾತಾಡಿದನಲ್ಲಮ್ಮಾ."

"ಅವನ ಮಾತು ಯಾರು ಕೇಳಿದ್ರು?"

ಯಾರೂ ಮಾತಾಡಲಿಲ್ಲ. ಅಜ್ಜಿ ಒಳಗೆ ಹೋಗಿ ರಾಮನಿಗೆ ಕೈಮುಗಿದು ಬಂದರು. ಆ ಪ್ರಶ್ನೆ ಮತ್ತು ಆ ನಮಸ್ಕಾರ ಅವರಲ್ಲಿ ಒಂದಕ್ಕೊಂದು ಅಡ್ಡ ಬರಲಿಲ್ಲ. ನನ್ನಲ್ಲಿ ಭಕ್ತಿ ಅಂತ ಏನಾದರೂ ಉಳಿದಿದ್ದರೆ ಅದು ಮಂಗಳದ ನಂತರದ ಇಂಥ ಕಾಲು ಗಂಟೆಗಳಿಂದಲೇ ಉಳಿದಿದೆ.

ಗಮಕದ ಕಟ್ಟೇ ಇಬ್ಬರ ಸಂವಾದ. ಒಬ್ಬರು ತಾಳದ ಹಂಗಿಲ್ಲದೆ ರಾಗದಲ್ಲಿ ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಭಾಮಿನಿ ಷಟ್ಪದಿಯ ಆರು ಸಾಲಿಗೆ 102 ಮಾತ್ರೆ. ಮೂರನೆಯದೂ ಆರನೆಯದೂ ಉದ್ದ. ಆರನೆಯ ಸಾಲು ಇಳಿದು ನಿಂತಲ್ಲಿ ವ್ಯಾಖ್ಯಾನಕ್ಕೆ ಎಡೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರ ವಾಚನ, ಮತ್ತೂರು ಕೃಷ್ಣಮೂರ್ತಿಯವರ ವ್ಯಾಖ್ಯಾನ ಕೇಳಿದವರಿಗೆ ಈ ಎಡೆಯ ಬೆಲೆ ಗೊತ್ತು. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಗಮಕ ಕೇಳುವವರೆಲ್ಲ ತಮ್ಮ ಮನೆಗೇ ಬಂದಂತೆ ಸಂಭ್ರಮಿಸಿದ್ದರು. ಕಾವ್ಯ ಹೇಳಿದವನು ಗದುಗಿನ ವೀರನಾರಾಯಣ, ತಾನು ಬರೆದುಕೊಂಡವನಷ್ಟೇ ಎಂಬುದು ಕುಮಾರವ್ಯಾಸನ ನಿಲುವು. ಹಾಗಿದ್ದರೆ ದ್ರೌಪದಿಯ ಆ ಪ್ರಶ್ನೆಯನ್ನು ಬರೆಸಿದವನೂ ದೇವರೇ ಆಗಬೇಕಲ್ಲ!

ಈ ಬಡಾವಣೆಗೆ ಯಾರ ಹೆಸರಿದೆಯೋ ಆ ರಾಜಾಜಿಯೂ ರಾಮಾಯಣ, ಮಹಾಭಾರತಗಳನ್ನು ಸಾಮಾನ್ಯರಿಗಾಗಿ ಮತ್ತೆ ಹೇಳಿದವರು. ತಮಿಳಿನ ಅವರ ರಾಮಾಯಣಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರಾಮಭಕ್ತರಾದ ಅವರು ಉತ್ತರಕಾಂಡದಲ್ಲಿ ಸೀತೆಯನ್ನು ಕಾಡಿಗಟ್ಟಿದ್ದನ್ನು ತಮ್ಮ ಮನಸ್ಸು ಒಪ್ಪದು ಎಂದು ಬರೆದರು. ಕಥೆಯನ್ನು ಪಟ್ಟಾಭಿಷೇಕಕ್ಕೇ ಮುಗಿಸಿದರು. ಆ ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ರಾಜಾಜಿಯನ್ನೂ ಕೂರಿಸಿ ನೋಡಬೇಕು ಅನ್ನಿಸುತ್ತದೆ.

ಅಲ್ಲಿಂದ ಬಸವೇಶ್ವರನಗರ ದೂರವಿಲ್ಲ. ಅಲ್ಲೊಂದು ಮನೆಯ ಹಜಾರದಲ್ಲಿ ಹತ್ತು ಹನ್ನೆರಡು ಜನ ಸೇರಿ ಶೂನ್ಯಸಂಪಾದನೆ ಓದುತ್ತಾರೆ. 12ನೇ ಶತಮಾನದ ಶರಣರು ಬಿಡಿಬಿಡಿಯಾಗಿ ಆಡಿದ ವಚನಗಳನ್ನು 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಎದುರುಬದುರು ಕೂರಿಸಿ ಮಾತಾಡಿಸಿದ ಗ್ರಂಥ ಅದು. ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಅದನ್ನು ಮತ್ತೆ ಮತ್ತೆ ಕಟ್ಟಿದರು. ಅನುಭವವನ್ನು ಹೇಳಲು ಉಪದೇಶ ಸಾಲದು, ವಾದವೇ ಬೇಕು ಎಂದು ಆ ಸಂಕಲನಕಾರರಿಗೆ ಅನ್ನಿಸಿತ್ತು. ನನಗೆ ಅವರು ಕನ್ನಡದ ದೊಡ್ಡ ಲೇಖಕರಾಗಿ ಕಾಣುತ್ತಾರೆ. ಓಲೆಗರಿಯಲ್ಲಿದ್ದ ವಚನಗಳನ್ನು ಫ.ಗು. ಹಳಕಟ್ಟಿಯವರು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ' ತಂದು, ಮುದ್ರಣಕ್ಕಾಗಿ ಮನೆಯನ್ನೂ ಮಾರಿಕೊಳ್ಳದಿದ್ದರೆ ಈ ಹಜಾರದವರ ಕೈಯಲ್ಲಿ ಏನಿರುತ್ತಿತ್ತೋ.

ನಾನು ಹೋದ ದಿನ ಮುಕ್ತಾಯಕ್ಕನ ಪ್ರಸಂಗ ನಡೆದಿತ್ತು. ಅಣ್ಣ ಅಜಗಣ್ಣ ತೀರಿಕೊಂಡಿದ್ದಾನೆ, ಅವಳಿಗೆ ಅವನೇ ಗುರು. ಅಳುತ್ತಿರುವವಳ ಬಳಿ ಅಲ್ಲಮ ಬರುತ್ತಾನೆ. ಸಮಾಧಾನ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ಅವಳೂ ಬಗ್ಗುವುದಿಲ್ಲ. ನಿಜವಾಗಿ ಅರಿತವನಿಗೆ ಇಷ್ಟೊಂದು ಮಾತೇಕೆ ಎಂದು ಅವನನ್ನೇ ತಿರುಗಿ ಕೇಳುತ್ತಾಳೆ.

ಓದುತ್ತಿದ್ದವರು ವಿಜಯನಗರದ ನಿವೃತ್ತ ಶಿಕ್ಷಕಿ. ಕಳೆದ ವರ್ಷ ಅವರ ತಮ್ಮ ತೀರಿಕೊಂಡಿದ್ದಾರೆ. ನಡುವೆ ದನಿ ಕಟ್ಟಿತು. ಪಕ್ಕದಲ್ಲಿದ್ದವರು ಪುಸ್ತಕ ತೆಗೆದುಕೊಂಡು ಓದು ಮುಂದುವರಿಸಿದರು. ಮುಗಿದ ಮೇಲೆ ಹಿರಿಯರೊಬ್ಬರು, "ಅಲ್ಲಮಪ್ರಭುಗಳು ಹೇಳೋದೂ ಅದೇ ಅಕ್ಕಾ, ಸಾವು ಅನ್ನೋದು..." ಎಂದು ಶುರುಮಾಡಿದರು.

"ಪ್ರಭುಗಳು ಹೇಳೋದು ಸರಿ ಅಣ್ಣಾ. ನಾನಿನ್ನೂ ಮುಕ್ತಾಯಕ್ಕನ ಕಡೆಗೇ ಇದ್ದೀನಿ" ಅಂದರು ಶಿಕ್ಷಕಿ.

ಮನೆಯಾಕೆ ಕಾಫಿ ತಂದರು. ಮುಂದಿನ ವಾರ ಸಿದ್ಧರಾಮನ ಪ್ರಸಂಗ ಎತ್ತಿಕೊಳ್ಳುವುದೆಂದಿತ್ತು. ಬೇಡ, ಇದನ್ನೇ ಇನ್ನೊಮ್ಮೆ ಓದೋಣ ಎಂದರು ಆ ಹಿರಿಯರು.