ಹರಾಜಿನ ಪ್ರಕಟಣೆಯೂ ಚರಿತ್ರೆಯೇ

ರಾಜಧಾನಿಯಾಗಿ ಮೆರೆದ, ಯುದ್ಧಕ್ಕೆ ನೆಲೆಯಾದ, ಇಲ್ಲವೆ ಮಹಾಕವಿಯೊಬ್ಬನನ್ನು ಹಡೆದ ಊರಿಗೆ ಮಾತ್ರವೇ ಚರಿತ್ರೆಯುಂಟೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವುದರಿಂದ, ಒಂದು ತಾಲ್ಲೂಕು ಕಚೇರಿ, ಒಂದು ಸಂತೆಮಾಳ, ಒಂದು ಕೆರೆ, ಒಂದು ಹೈಸ್ಕೂಲು ಇಷ್ಟೇ ಉಳ್ಳ ಸಣ್ಣ ಊರಿನವರು ತಮ್ಮ ಊರಿನ ಪೂರ್ವೋತ್ತರ ಕೇಳಿದವರಿಗೆ ಸ್ಥಳಪುರಾಣವೊಂದನ್ನು ಹೇಳಿ ಸುಮ್ಮನಾಗುತ್ತಾರೆ. ಬಿ. ಎಲ್. ರೈಸರು 1886ರಿಂದ ಮೊದಲ್ಗೊಂಡು ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಹಳೆಯ ಮೈಸೂರು ಸೀಮೆಯ ಶಾಸನಗಳನ್ನು ತಾಲ್ಲೂಕುವಾರು ಒದಗಿಸಿಕೊಟ್ಟಿರುವುದರಿಂದ, ಊರ ಕೆರೆಯನ್ನು ಹೊಯ್ಸಳರ ಕಾಲದಲ್ಲಿ ಯಾರು ಕಟ್ಟಿಸಿದರೆಂಬುದು ಒಮ್ಮೊಮ್ಮೆ ತಿಳಿದುಬರುವುದುಂಟು. ಆದರೆ ಅದೇ ಕೆರೆಯ ನೀರು ನಲ್ಲಿಗೆ ಬಂದುದು ಯಾವ ವರ್ಷ, ಹೆಣ್ಣುಮಕ್ಕಳ ಶಾಲೆ ತೆರೆದಾಗ ಮಕ್ಕಳನ್ನು ಕಳುಹಿಸಿದವರು ಯಾರು, ಪ್ಲೇಗಿನ ದಿನಗಳಲ್ಲಿ ಜನ ಊರು ಬಿಟ್ಟು ಎಲ್ಲಿ ಗುಡಿಸಲು ಹಾಕಿಕೊಂಡರು ಎಂಬ ಪ್ರಶ್ನೆಗಳಿಗೆ ಶಾಸನದ ಕಲ್ಲು ಉತ್ತರ ಹೇಳಲಾರದು. ಉತ್ತರವಿರುವುದು ಕಾಗದದಲ್ಲಿ.

ಕನ್ನಡದ ಮೊದಲ ಪತ್ರಿಕೆಯೇ ಒಂದು ಊರಿನ ಹೆಸರನ್ನು ಹೊತ್ತು ಹುಟ್ಟಿತೆಂಬುದನ್ನು ಇಲ್ಲಿ ಸ್ಮರಿಸಬಹುದು. 1843ನೆಯ ಇಸವಿ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಪಕ್ಷಕ್ಕೊಮ್ಮೆ ಬರುತ್ತಿದ್ದ ಪುಟ್ಟ ಪತ್ರಿಕೆ; ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾದ ಅದು, ಹೊರನಾಡುಗಳ ಸುದ್ದಿಯೊಡನೆ ಊರ ವರ್ತಮಾನಕ್ಕೂ ಸರ್ಕಾರದ ನಿರೂಪಗಳಿಗೂ ಸ್ಥಳ ಕೊಟ್ಟಿತು. ಆ ಮೇಲ್ಪಂಕ್ತಿಯಲ್ಲಿಯೇ ಮುಂದಿನ ಕಾಲದ ಜಿಲ್ಲಾ ಕೇಂದ್ರಗಳಲ್ಲಿಯೂ ಎಷ್ಟೋ ತಾಲ್ಲೂಕುಗಳಲ್ಲಿಯೂ ವಾರಪತ್ರಿಕೆಗಳು ತಲೆಯೆತ್ತಿದುವು. ಮದುವೆಯ ಲಗ್ನಪತ್ರಿಕೆ ಅಚ್ಚಾಗುವ ಮುದ್ರಣಾಲಯದಲ್ಲಿಯೇ ಅವೂ ಅಚ್ಚಾಗುತ್ತಿದ್ದುವು.

ಇಂಥ ಹಳೆಯ ಸಂಚಿಕೆ ಕೈಗೆ ಬಂದೊಡನೆ ನಮ್ಮ ಕಣ್ಣು ಅಗ್ರಲೇಖನದ ಕಡೆಗೆ ಹರಿಯುವುದು ಸಹಜ. ಅಗ್ರಲೇಖನವಾದರೋ ನಾಲ್ಕು ಜನ ಓದಿ ಮೆಚ್ಚಲೆಂದು ಸಂಪಾದಕನು ತೂಗಿ ಬರೆದುದು; ಸಂತೆಯ ಸುಂಕದ ಹರಾಜಿನ ಪ್ರಕಟಣೆ, ಜಪ್ತಿಯಾದ ಹೊಲದ ಚಕ್ಕುಬಂದಿ, ಜವಳಿ ಅಂಗಡಿಯ ಜಾಹೀರಾತು, ಧಾರಣೆಯ ಪಟ್ಟಿ ಇವಾದರೋ ಮುಂದಿನವರು ನೋಡಿಯಾರೆಂಬ ಕಲ್ಪನೆಯೇ ಇಲ್ಲದೆ ಅಂದಿನ ಅಗತ್ಯಕ್ಕಾಗಿ ಅಚ್ಚಾದುವು. ಆ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಕಾಲುವೆ’ ಎಂದಿದ್ದರೆ, ಇಂದು ಮಳಿಗೆಗಳ ಸಾಲು ನಿಂತಿರುವೆಡೆಯಲ್ಲಿ ಅಂದು ನೀರು ಹರಿಯುತ್ತಿದ್ದಿತೆಂಬುದು ಯಾರ ಸ್ತುತಿನಿಂದೆಗಳ ಹಂಗೂ ಇಲ್ಲದೆ ಸಿದ್ಧವಾಗುತ್ತದೆ. ಉದ್ದೇಶವಿಲ್ಲದೆ ನುಡಿದ ಸಾಕ್ಷಿಯೇ ಚರಿತ್ರಕಾರನಿಗೆ ಹೆಚ್ಚು ಬೆಲೆಯುಳ್ಳದ್ದು.

ಪತ್ರಿಕೆಯೊಡನೆ ಓದಬೇಕಾದ ದಾಖಲೆಗಳೂ ಅನೇಕ. ಪುರಸಭೆಯ ನಡಾವಳಿ ಪುಸ್ತಕ, ಶಾಲೆಯ ದಾಖಲಾತಿ ರಿಜಿಸ್ಟರು, ಶ್ಯಾನುಭೋಗರ ದಫ್ತರ, ಮುಂಬಯಿ ಕರ್ನಾಟಕದ ಕಡೆಯ ಮೋಡಿ ಲಿಪಿಯ ಕಾಗದಗಳು ಇವುಗಳ ಹಿಂದೆ ಇನ್ನೂ ಹಳೆಯದಾದ ಕಡತವಿದೆ. ಹುಣಿಸೆಬೀಜದ ಸರಿಗೆ ಇದ್ದಿಲಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಸಿ, ಆ ಕರಿಯ ಮೈಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಮಠಗಳ ಆಯವ್ಯಯವೂ ವರ್ತಕರ ಕೊಡುಕೊಳೆಯೂ ಅದರಲ್ಲಿಯೇ. ಬಳಪದ ಬರಹವನ್ನು ಒರಸಿಬಿಡಬಹುದಾದುದರಿಂದ, ಧೂಳು ಕೊಡವುವ ಉತ್ಸಾಹದಲ್ಲಿ ಒದ್ದೆ ಬಟ್ಟೆ ಆಡಿಸಿದವನು ಒಂದು ತಲೆಮಾರಿನ ಲೆಕ್ಕವನ್ನೇ ಅಳಿಸಿದಂತಾಗುತ್ತದೆ. ಶ್ರೀರಂಗಪಟ್ಟಣದ ಪತನಾನಂತರ ಮೈಸೂರಿನ ಮೋಜಣಿ ಕೈಗೊಂಡ ಕಾಲಿನ್ ಮೆಕೆಂಜಿಯು ಕಾವಲಿ ವೆಂಕಟ ಬೋರಯ್ಯ ಮೊದಲಾದ ಸಹಾಯಕರ ಮೂಲಕ ಊರೂರಿನ ವೃತ್ತಾಂತಗಳನ್ನು ಬರೆಯಿಸಿಕೊಂಡನು; ಕೈಫಿಯತ್ತುಗಳೆಂದು ಹೆಸರಾದ ಅವುಗಳಲ್ಲಿ ಕನ್ನಡದವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟುದರಿಂದ ಎಷ್ಟೋ ಗ್ರಾಮಗಳ ಕಥೆ ಅಚ್ಚಿನಲ್ಲಿ ಉಳಿದುಕೊಂಡಿತು.

ಹೀಗಿದ್ದರೂ ಒಂದು ದಾಖಲೆಯನ್ನೇ ನಂಬಿ ಕೂಡುವುದು ಸಲ್ಲದು. ನಲ್ಲಿನೀರು ಬಂದೇಬಿಟ್ಟಿತೆಂದು ಪತ್ರಿಕೆ ಸಂಭ್ರಮಿಸಿದರೆ, ಕೊಳವೆಗೆ ಹಣ ಮಂಜೂರಾಗದೆ ನಿಂತಿತೆಂದು ನಡಾವಳಿ ಹೇಳೀತು. ಇವೆರಡನ್ನು ಎದುರುಬದುರಾಗಿಟ್ಟು ವಿಚಾರಿಸುವುದೇ ವಿವೇಕ. ಪರಾಧೀನ ಕಾಲದಲ್ಲಿ ದೇಶಭಾಷಾ ಪತ್ರಿಕೆಗಳನ್ನು ಶಂಕೆಯಿಂದಲೇ ನೋಡುತ್ತಿದ್ದ ಸರ್ಕಾರವು, ಅವುಗಳಲ್ಲಿ ಬಂದುದರ ಸಾರವನ್ನು ಇಂಗ್ಲಿಷಿಗೆ ತಿರುಗಿಸಿ ಗುಪ್ತ ವರದಿಗಳಾಗಿ ಅಚ್ಚುಹಾಕಿಸುತ್ತಿತ್ತು. ಮೂಲ ಸಂಚಿಕೆ ನಷ್ಟವಾದೆಡೆಗಳಲ್ಲಿ ಇಂದು ಆ ವರದಿಯೇ ಆಧಾರ. ಆದರೆ ಅದು ಉಳಿಸಿರುವುದು ಅಧಿಕಾರಿಗೆ ಅಪಾಯವೆಂದು ತೋರಿದ ರಾಜಕೀಯವನ್ನೇ ಹೊರತು ಸಂತೆಯ ಧಾರಣೆಯನ್ನಲ್ಲ.

ಸ್ಥಳೀಯ ಪತ್ರಿಕೆಗಳಿಗೆ ದೊಡ್ಡ ಶತ್ರು ಅವುಗಳ ಕಾಗದವೇ. ಚಿಂದಿಬಟ್ಟೆಯಿಂದಾದ ಹಳೆಯ ಕಾಗದವು ಶತಮಾನಗಳನ್ನು ದಾಟಿ ನಿಲ್ಲಬಲ್ಲುದಾದರೆ, ಮರದ ತಿರುಳನ್ನು ಅರೆದು ಮಾಡಿದ ಅಗ್ಗದ ಪತ್ರಿಕಾ ಕಾಗದವು ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ, ಮಡಿಸಿದೆಡೆಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಬಿಸಿಲು, ತೇವ, ತುಕ್ಕುಹಿಡಿದ ಪಿನ್ನು, ಬೆಳ್ಳಿಹುಳು ಇವು ಆ ಕೆಲಸವನ್ನು ತ್ವರೆಗೊಳಿಸುತ್ತವೆ. ಆದುದರಿಂದ ಪಿನ್ನುಗಳನ್ನು ಮೆಲ್ಲನೆ ತೆಗೆದು, ಹಾಳೆಗಳನ್ನು ಮಡಿಸದೆ ಮಟ್ಟಸವಾಗಿ ಮಲಗಿಸಿ, ಗಾಳಿಯಾಡುವ ಒಣ ಕೊಠಡಿಯಲ್ಲಿ ಬಿಸಿಲು ತಾಗದಂತೆ ಇಡತಕ್ಕದ್ದು. ಹರಿದೆಡೆಗೆ ಅಂಟುಟೇಪನ್ನು ಎಂದಿಗೂ ಹಚ್ಚಕೂಡದು, ಏಕೆಂದರೆ ಟೇಪು ಉದುರಿದರೂ ಅದರ ಅಂಟಿನ ಕಂದುಕಲೆ ಅಕ್ಷರವನ್ನು ನುಂಗುತ್ತದೆ. ಕಾಗದ ಇನ್ನೂ ಗಟ್ಟಿಯಾಗಿರುವಾಗಲೇ ಪುಟಪುಟವನ್ನೂ ಸ್ಕ್ಯಾನು ಮಾಡಿಸಿ, ಪ್ರತಿಯನ್ನು ಒಂದಕ್ಕಿಂತ ಹೆಚ್ಚು ಕಡೆ ಇರಿಸುವುದು ಕ್ಷೇಮ.

ಇವೆಲ್ಲಕ್ಕಿಂತ ಮುಖ್ಯವಾದ ನಿಯಮವೊಂದುಂಟು: ಬೇಕಾದುದನ್ನು ಕತ್ತರಿಸಿಟ್ಟುಕೊಂಡು ಉಳಿದುದನ್ನು ರದ್ದಿಗೆ ಹಾಕಬಾರದು. ತಾತನ ಸನ್ಮಾನದ ವರದಿಯನ್ನು ಕತ್ತರಿಸಿದವನ ಬಳಿ ಉಳಿಯುವುದು ತಾರೀಖಿಲ್ಲದ, ಹಿಂದುಮುಂದಿಲ್ಲದ ಚೂರು. ಅದರ ಬೆನ್ನಿಗಿದ್ದ ಹರಾಜಿನ ಪ್ರಕಟಣೆ ಅರ್ಧಕ್ಕೇ ತುಂಡಾಗಿರುತ್ತದೆ. ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ತೀರ್ಮಾನಿಸುವ ಅಧಿಕಾರ ಕಾಪಾಡುವವನದಲ್ಲ, ಮುಂದೆ ಪ್ರಶ್ನೆ ಕೇಳುವವನದು. ದಫ್ತರಗಳನ್ನೂ ಅವು ಸಿಕ್ಕ ಕ್ರಮದಲ್ಲಿಯೇ ಇಡುವುದು ಇದೇ ಕಾರಣಕ್ಕಾಗಿ.

ಪತ್ರಿಕೆಗಳ ಪ್ರತಿಗಳನ್ನು ನಿಯತ ಗ್ರಂಥಾಲಯಗಳಿಗೆ ಕಳುಹಿಸಬೇಕೆಂಬ ಕಾನೂನು 1956ರಿಂದ ಇದ್ದರೂ, ತಾಲ್ಲೂಕಿನ ವಾರಪತ್ರಿಕೆಗಳೆಲ್ಲವೂ ತಪ್ಪದೆ ಅಲ್ಲಿಗೆ ಸೇರಿರುತ್ತವೆಂದು ನೆಚ್ಚಿ ಕೂಡುವಂತಿಲ್ಲ; ಬಹಳ ವೇಳೆ ಪೂರ್ಣ ಕಂತೆ ಸಂಪಾದಕನ ಮನೆಯ ಅಟ್ಟದಲ್ಲಿಯೇ ಇದ್ದು, ಮನೆ ಕೆಡವುವ ದಿನ ತೂಕಕ್ಕೆ ಹೋಗುತ್ತದೆ. ಯಾರ ಮನೆಯಲ್ಲಿ ಯಾವ ಪತ್ರಿಕೆಯ ಯಾವ ವರ್ಷದ ಸಂಚಿಕೆಗಳಿವೆಯೆಂಬ ಪಟ್ಟಿಯೊಂದನ್ನು ಊರಿನ ಗ್ರಂಥಾಲಯವಾಗಲಿ ಹೈಸ್ಕೂಲಿನ ಉಪಾಧ್ಯಾಯರಾಗಲಿ ಸಿದ್ಧಪಡಿಸಿದರೆ, ಅಟ್ಟ ಇಳಿಸುವ ಮುನ್ನ ರದ್ದಿಯವನಿಗಿಂತ ಮೊದಲು ಕರೆಯಬೇಕಾದವರು ಯಾರೆಂಬುದು ಮನೆಯವರಿಗೆ ತಿಳಿದಿರುತ್ತದೆ. ಸ್ಕ್ಯಾನರಿಗೂ ಸರ್ಕಾರದ ಅನುದಾನಕ್ಕೂ ಕಾಯದೆ ಇಂದೇ ಆರಂಭಿಸಬಹುದಾದ ಕೆಲಸವಿದು.