ಬೇರೆ ನಾಯಿ ಕಂಡರೆ ಎಗರುವ ನಾಯಿ: ನಂಬಿಕೆ ಎಷ್ಟು, ನಿಜ ಎಷ್ಟು

ಬೆಳಗಿನ ಆರು ಗಂಟೆ. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಕಾಣಸಿಗುವ ನೋಟ ಇದು. ಮನೆಯಲ್ಲಿ ಮಕ್ಕಳು ಮೈಮೇಲೆ ಬಿದ್ದು ಕುಣಿದರೂ ತುಟಿಪಿಟಕ್ಕೆನ್ನದ ಲ್ಯಾಬ್ರಡಾರ್, ರಸ್ತೆಯ ತಿರುವಿನಲ್ಲಿ ಇನ್ನೊಂದು ನಾಯಿ ಕಂಡದ್ದೇ ತಡ, ಹಿಂಗಾಲ ಮೇಲೆ ನಿಂತು ಅರಚತೊಡಗುತ್ತದೆ. ಯಜಮಾನರು ಚೈನನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಜಗ್ಗುತ್ತಾರೆ, ಗದರುತ್ತಾರೆ, ಬೆನ್ನಿಗೊಂದು ಬಾರಿಸುತ್ತಾರೆ. ಸುತ್ತ ನಿಂತವರು ಬುದ್ಧಿ ಹೇಳುತ್ತಾರೆ: "ಸದರ ಕೊಟ್ಟಿದ್ದೀರಿ, ಅದಕ್ಕೇ ಹೀಗೆ." "ಆಪರೇಷನ್ ಮಾಡಿಸಿಬಿಡಿ, ತಣ್ಣಗಾಗುತ್ತೆ." "ಒಂದ್ಸಲ ಬಿಟ್ಬಿಡಿ ಸಾರ್, ಅವೇ ಸರಿ ಮಾಡ್ಕೋತವೆ." ಕಾಳಜಿಯಿಂದಲೇ ಬಂದ ಮಾತುಗಳು. ಆದರೆ ಹೆಚ್ಚಿನವು ತಪ್ಪು, ಒಂದೆರಡು ಅಪಾಯಕಾರಿ.

ಮೊದಲು ಆ ಅರಚಾಟದ ಅರ್ಥ ತಿಳಿಯಬೇಕು. ಗುರುತಿಲ್ಲದ ನಾಯಿಯ ಮೇಲೆ ಎಗರುವ ನಾಯಿಗಳಲ್ಲಿ ಬಹುಪಾಲು ಹೆದರಿದ ನಾಯಿಗಳು. ಹೆದರಿದ ಪ್ರಾಣಿ ಓಡಿಹೋಗಬೇಕು, ಇಲ್ಲವೇ ಎದುರಿನದನ್ನು ಓಡಿಸಬೇಕು. ಕುತ್ತಿಗೆಗೆ ಚೈನ್ ಬಿದ್ದಮೇಲೆ ಮೊದಲ ದಾರಿ ಮುಚ್ಚಿತು. ಉಳಿದದ್ದು ಎರಡನೆಯದು: ಬೊಗಳಿ, ಹಲ್ಲು ಕಿರಿದು "ಹತ್ತಿರ ಬರಬೇಡ" ಎನ್ನುವುದು. ಆ ಇನ್ನೊಂದು ನಾಯಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಇದಕ್ಕೆ ಮಾತ್ರ ತಾನು ಬೊಗಳಿದ್ದರಿಂದಲೇ ಅದು ಹೋಯಿತು ಎಂಬ ಪಾಠ ಸಿಗುತ್ತದೆ. ದಿನವೂ ಈ ಪಾಠ ನಡೆದರೆ ಚಾಳಿ ಗಟ್ಟಿಯಾಗದೆ ಇನ್ನೇನು? ಇನ್ನು ಕೆಲವು ನಾಯಿಗಳಿಗೆ ಹೆದರಿಕೆಯಿಲ್ಲ, ಓಡಿಹೋಗಿ ಮೂಸಿ ನೋಡುವ ಆತುರ. ಚೈನ್ ತಡೆದಾಗ ಆ ಆತುರವೇ ಸಿಟ್ಟಾಗಿ ತಿರುಗುತ್ತದೆ. ಎರಡರಲ್ಲೂ ಬಿಗಿಯಾದ ಚೈನ್ ಬೆಂಕಿಗೆ ಸುರಿದ ತುಪ್ಪ.

"ಸದರ ಕೊಟ್ಟಿದ್ದರಿಂದ ನಾಯಿ ತಾನೇ ಯಜಮಾನ ಅಂದುಕೊಂಡಿದೆ" ಎಂಬ ನಂಬಿಕೆಗೆ ಒಂದು ಹಳೆಯ ಬೇರಿದೆ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ತೋಳಗಳನ್ನು ಗಮನಿಸಿ 1947ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಕ್ಕಟ್ಟಾದ ಆವರಣದಲ್ಲಿ ಕೂಡಿಹಾಕಿದ್ದ ಆ ತೋಳಗಳು ಮೇಲು-ಕೀಳಿಗಾಗಿ ಕಾದಾಡುತ್ತಿದ್ದವು. ತೋಳದ ಗುಂಪಿಗೆ ಕಾದಾಡಿ ಗೆದ್ದ 'ಆಲ್ಫಾ' ಒಂದಿರುತ್ತದೆ ಎಂಬ ಕಲ್ಪನೆ ಹಬ್ಬಿದ್ದು ಹೀಗೆ. ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದಕ್ಕೆ ಇನ್ನಷ್ಟು ಪ್ರಚಾರ ಕೊಟ್ಟರು. ಆಮೇಲೆ ಅವರು ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ 13 ಬೇಸಿಗೆಗಳನ್ನು ಕಾಡುತೋಳಗಳ ನಡುವೆ ಕಳೆದರು. ಅಲ್ಲಿ ಕಂಡದ್ದೇ ಬೇರೆ: ಗುಂಪು ಎಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ. ಯಾರೂ ಯಾರನ್ನೂ ಸೋಲಿಸಿ ಪಟ್ಟಕ್ಕೇರಿರಲಿಲ್ಲ. 1999ರಲ್ಲಿ ಅವರು ಇದನ್ನು ಬರೆದು ತಿದ್ದಿಕೊಂಡರು. ತಮ್ಮದೇ ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿ ಎಂದು ಪ್ರಕಾಶಕರನ್ನು ಕೇಳಿಕೊಂಡರು. ತಾನು ಹರಡಿದ ತಪ್ಪನ್ನು ತಾನೇ ಅಳಿಸಲು ಇಷ್ಟು ದುಡಿದ ವಿದ್ವಾಂಸರು ಅಪರೂಪ. ಆದರೂ ನಾಯಿಯನ್ನು ಬೆನ್ನ ಮೇಲೆ ಕೆಡವಿ ಅದುಮಿ ಹಿಡಿಯುವ 'ತರಬೇತಿ' ನಮ್ಮಲ್ಲಿನ್ನೂ ನಡೆದೇ ಇದೆ.

ಅದರ ಫಲವೇನು? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಗೆ ನಡವಳಿಕೆಯ ತೊಂದರೆಯೆಂದು ನಾಯಿಗಳನ್ನು ಕರೆತಂದ 140 ಮಂದಿಯನ್ನು ಮೇಗನ್ ಹೆರನ್ ಮತ್ತು ಸಂಗಡಿಗರು ವಿಚಾರಿಸಿದರು. ಅಧ್ಯಯನ 2009ರಲ್ಲಿ ಪ್ರಕಟವಾಯಿತು. ನಾಯಿಗೆ ಹೊಡೆದ ಅಥವಾ ಒದ್ದವರಲ್ಲಿ ಶೇ. 43ರಷ್ಟು ಮಂದಿಗೆ, ಕೆಡವಿ ಅದುಮಿದವರಲ್ಲಿ ಶೇ. 31ರಷ್ಟು ಮಂದಿಗೆ ನಾಯಿಯಿಂದ ಸಿಕ್ಕ ಉತ್ತರ ಆಕ್ರಮಣವೇ. ರಸ್ತೆಯಲ್ಲಿ ಲೆಕ್ಕ ಇನ್ನೂ ಸರಳ. ಬೇರೆ ನಾಯಿ ಕಂಡಾಗಲೆಲ್ಲ ಬೆನ್ನಿಗೆ ಏಟು ಬಿದ್ದರೆ, ಬೇರೆ ನಾಯಿ ಎಂದರೆ ನೋವು ಎಂದೇ ಅದು ಕಲಿಯುತ್ತದೆ.

"ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆ ಮನುಷ್ಯರ ಬಗ್ಗೆ ಸರಿಯಿರಬಹುದು, ನಾಯಿಯ ಬಗ್ಗೆ ನಂಬಬಾರದು. ಬೊಗಳುವುದು, ಗುರ್ ಎನ್ನುವುದು ಕಚ್ಚುವ ಮುಂಚಿನ ಎಚ್ಚರಿಕೆ. ಗುರ್ ಎಂದದ್ದಕ್ಕೆ ಹೊಡೆದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದೊಂದು ದಿನ ಸದ್ದಿಲ್ಲದೆ ಬಾಯಿ ಹಾಕುತ್ತದೆ. ಬಾಲ ಅಲ್ಲಾಡಿಸಿದರೆ ಸ್ನೇಹ ಎನ್ನುವುದೂ ಅರ್ಧ ಸತ್ಯ. ಇಟಲಿಯ ಸಂಶೋಧಕರು 2007ರಲ್ಲಿ 30 ನಾಯಿಗಳನ್ನು ಪರೀಕ್ಷಿಸಿದಾಗ, ಯಜಮಾನರನ್ನು ಕಂಡ ನಾಯಿಯ ಬಾಲ ಹೆಚ್ಚಾಗಿ ಬಲಕ್ಕೆ ಬೀಸುತ್ತಿತ್ತು, ದರ್ಪದ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ಇದನ್ನು ಬರಿಗಣ್ಣಲ್ಲಿ ಹಿಡಿಯುವುದು ಕಷ್ಟ. ಬದಲಿಗೆ ಇಡೀ ಮೈ ನೋಡಬೇಕು: ಬಾಲ ನೆಟ್ಟಗೆ ನಿಂತು ತುದಿ ಮಾತ್ರ ನಡುಗುತ್ತಿದ್ದರೆ, ಬಾಯಿ ಮುಚ್ಚಿಕೊಂಡು ಮೈ ಸೆಟೆದಿದ್ದರೆ, ಕಣ್ಣು ಎದುರಿನ ನಾಯಿಯಿಂದ ಕದಲದಿದ್ದರೆ, ಹಿಂದಿರುಗುವ ಹೊತ್ತು ಆಗಲೇ ಮೀರುತ್ತಿದೆ.

ತಳಿಯನ್ನು ದೂರುವವರೂ ಇದ್ದಾರೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ದೊಡ್ಡ ನಾಯಿ ಕಚ್ಚಿದರೆ ಗಾಯ ದೊಡ್ಡದು ಎಂಬುದು ದಿಟ. ಆದರೆ ತಳಿ ನೋಡಿ ಸ್ವಭಾವ ಹೇಳಲಾಗದು. 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಆಧರಿಸಿ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ನಾಯಿಯಿಂದ ನಾಯಿಗೆ ಕಾಣುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ.

ಬೆಳೆದ ರೀತಿಯ ಪಾಲು ದೊಡ್ಡದು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಹಲವು ವರ್ಷ ಮರಿಗಳನ್ನು ಸಾಕಿ ನೋಡಿ, 1965ರ ತಮ್ಮ ಪುಸ್ತಕದಲ್ಲಿ ಒಂದು ಮುಖ್ಯ ಸಂಗತಿ ಹೇಳಿದ್ದಾರೆ: ಸುಮಾರು ಮೂರರಿಂದ ಹನ್ನೆರಡು ವಾರದ ನಡುವೆ ಕಂಡದ್ದನ್ನು ಮರಿ ತನ್ನ ಲೋಕವೆಂದು ಒಪ್ಪುತ್ತದೆ, ಆಮೇಲೆ ಹೊಸದೆಲ್ಲ ಅನುಮಾನ. ನಮ್ಮಲ್ಲಿ ನಡೆಯುವುದೇನು? ಎರಡು ತಿಂಗಳ ಮರಿ ತಂದು, ಚುಚ್ಚುಮದ್ದು ಮುಗಿಯುವವರೆಗೆ ಹೊಸಿಲು ದಾಟಿಸುವುದಿಲ್ಲ. ಹೊರಗೆ ಕಾಲಿಡುವ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತದೆ. ಸೋಂಕಿನ ಭಯ ನ್ಯಾಯವೇ; ಆದರೆ ಮರಿಯನ್ನು ತೋಳಲ್ಲಿ ಎತ್ತಿಕೊಂಡು ಬೀದಿ ತೋರಿಸುವುದಕ್ಕೆ, ಲಸಿಕೆ ಪೂರ್ತಿಯಾದ ಸಾಧು ನಾಯಿಯ ಜೊತೆ ಮನೆಯೊಳಗೆ ಆಡಿಸುವುದಕ್ಕೆ ಅಡ್ಡಿಯಿಲ್ಲ. ಇನ್ನು "ಕಾವಲಿಗೆ ಚುರುಕಾಗಲಿ" ಎಂದು ಹಗಲೆಲ್ಲ ಕಟ್ಟಿಹಾಕುವ ಪದ್ಧತಿ ನಾಯಿಯನ್ನು ಅಂಜುಬುರುಕವಾಗಿಸುತ್ತದೆಯೇ ಹೊರತು ಕಾವಲುಗಾರನಾಗಿ ಅಲ್ಲ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ಬಿಟ್ಟುಬಿಟ್ಟರೆ ಅವೇ ಸರಿ ಮಾಡಿಕೊಳ್ಳುತ್ತವೆ ಎಂಬುದು ಇವುಗಳಲ್ಲೆಲ್ಲ ಅಪಾಯದ ಮಾತು. 2023ರ ಪಾಲಿಕೆ ಸಮೀಕ್ಷೆಯಂತೆ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಗಲ್ಲಿಗೊಂದು ಗುಂಪು, ಗುಂಪಿಗೊಂದು ಗಡಿ. ಸಾಕುನಾಯಿ ಒಂದು ವಾಕಿಂಗ್‌ನಲ್ಲಿ ಇಂಥ ನಾಲ್ಕಾರು ಗಡಿ ದಾಟುತ್ತದೆ. ಅಲ್ಲಿ ಕಾದಾಟಕ್ಕೆ ಬಿದ್ದ ನಾಯಿ ಸೋತರೂ ಗೆದ್ದರೂ ಕಲಿಯುವುದು ಒಂದೇ, ಮುಂದಿನ ಸಲ ಇನ್ನೂ ಬೇಗ ಎಗರಬೇಕೆಂದು. ಕಚ್ಚಾಟ ಆಗಿಯೇಹೋದರೆ ನಡುವೆ ಕೈ ಹಾಕಬಾರದು; ಆ ಆವೇಶದಲ್ಲಿ ಯಜಮಾನರ ಕೈಯೂ ಅದಕ್ಕೆ ಗುರುತು ಹತ್ತದು. ಬಕೆಟ್ ನೀರು ಎರಚುವುದು, ನಡುವೆ ಹಲಗೆಯನ್ನೋ ಗೋಣಿಚೀಲವನ್ನೋ ತೂರಿಸುವುದು ವಾಸಿ. ಮನುಷ್ಯರಿಗೆ ಗಾಯವಾದರೆ ಸುಣ್ಣ, ಅರಿಶಿನ, ಖಾರದ ಪುಡಿ ಮೆತ್ತಕೂಡದು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ರೇಬೀಸ್ ಲಸಿಕೆಗೆ ಹೋಗಬೇಕು.

ಆಪರೇಷನ್ನಿನ ಸಲಹೆಯಲ್ಲಿ ತುಸು ಸತ್ಯವಿದೆ. ಗಂಡುನಾಯಿಯ ಅಲೆದಾಟ, ಕಂಡಕಂಡಲ್ಲಿ ಉಚ್ಚೆ ಹೊಯ್ಯುವ ಚಟ ಅದರಿಂದ ತಗ್ಗಬಹುದು. ಭಯದಿಂದ ಹುಟ್ಟಿದ ಆಕ್ರಮಣಕ್ಕೆ ಅದು ಮದ್ದಲ್ಲ. ಅದಕ್ಕಿಂತ ಮೊದಲು ವೈದ್ಯರು ನೋಡಬೇಕಾದದ್ದು ನೋವು: ಸೊಂಟದ ಕೀಲು, ಕಿವಿ, ಹಲ್ಲು. ನಿನ್ನೆಯವರೆಗೆ ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಎಗರತೊಡಗಿದರಂತೂ ಇದನ್ನು ಮರೆಯಲೇಬಾರದು.

"ನಾಯಿ ಬಾಲ ಎಂದಿದ್ದರೂ ಡೊಂಕು" ಎಂದು ಕೈಚೆಲ್ಲುವವರಿಗೆ ಒಂದು ಸಮಾಧಾನ: ವಯಸ್ಸಾದ ನಾಯಿಯೂ ಕಲಿಯುತ್ತದೆ. ದಾರಿ ಹೊಸದಲ್ಲ, ರಷ್ಯಾದ ಪಾವ್ಲೊವ್ ತೋರಿಸಿದ್ದೇ. ಬೇರೆ ನಾಯಿ ಕಂಡರೂ ತನ್ನ ನಾಯಿ ಬೊಗಳದೆ ತಿಂಡಿ ತಿನ್ನುವಷ್ಟು ದೂರ ಯಾವುದೆಂದು ಮೊದಲು ಕಂಡುಕೊಳ್ಳಬೇಕು. ಒಂದಕ್ಕೆ ಅದು ಇಪ್ಪತ್ತು ಹೆಜ್ಜೆ, ಇನ್ನೊಂದಕ್ಕೆ ಇಡೀ ಮೈದಾನ. ಅಷ್ಟು ದೂರದಲ್ಲಿ ನಿಂತು, ಆ ನಾಯಿ ಕಂಡೊಡನೆ ಬೇಯಿಸಿದ ಕೋಳಿಯ ಚೂರು ಕೊಡುವುದು, ಅದು ಮರೆಯಾದೊಡನೆ ನಿಲ್ಲಿಸುವುದು. ಮೊದಲು ನಾಯಿ, ಆಮೇಲೆ ಕೋಳಿ. ಈ ಕ್ರಮ ತಪ್ಪಬಾರದು. ವಾರಗಳು ಕಳೆದಂತೆ ಒಂದೊಂದೇ ಹೆಜ್ಜೆ ಹತ್ತಿರ. ಬೊಗಳಿದರೆ ಹತ್ತಿರ ಹೋದದ್ದು ಹೆಚ್ಚಾಯಿತು ಎಂದರ್ಥ, ಹಿಂದಕ್ಕೆ ಸರಿದರಾಯಿತು. ಎದುರುಬದುರು ನಡೆಸದೆ, ಬಿಲ್ಲಿನಂತೆ ಬಳಸಿ ಸಾಗುವುದೂ ನೆರವಾಗುತ್ತದೆ.

"ಬೊಗಳುವ ನಾಯಿಗೆ ತಿಂಡಿ ಕೊಟ್ಟರೆ ಅದನ್ನೇ ಕಲಿಯುವುದಿಲ್ಲವೇ?" ಈ ಶಂಕೆ ಸಹಜ. ಇಲ್ಲಿ ಬದಲಾಗುವುದು ನಾಯಿಯೊಳಗಿನ ಭಾವ. ಇಂಜೆಕ್ಷನ್ನಿಗೆ ಅಳುವ ಮಗುವಿಗೆ ಬೆಲ್ಲ ಕೊಟ್ಟರೆ ಅದು ಅಳುವುದನ್ನು ಕಲಿಯುವುದಿಲ್ಲ, ಡಾಕ್ಟರ ಭಯ ಕಡಿಮೆಯಾಗುತ್ತದೆ. ಗುರಿ ಕೂಡ ಸಣ್ಣದಿರಲಿ. ಪ್ರತಿ ನಾಯಿಯೂ ಪಾರ್ಕಿನಲ್ಲಿ ಎಲ್ಲರೊಡನೆ ಆಡಲೇಬೇಕೆಂದಿಲ್ಲ. ಆಚೆ ಬದಿಯ ನಾಯಿಯನ್ನು ನೋಡಿಯೂ ಈಚೆ ಬದಿಯಲ್ಲಿ ನಡೆದುಹೋದರೆ ಅದೇ ದೊಡ್ಡ ಗೆಲುವು.

ಹಿಂದೆ ಕಚ್ಚಿದ ಇತಿಹಾಸವಿರುವ ನಾಯಿಗೆ ಬಾಯಿಕುಕ್ಕೆ ಬೇಕು. ಅದು ಕ್ರೌರ್ಯ ಎನ್ನುವವರು, ಕಣದಲ್ಲಿ ಹಂತಿ ತುಳಿಯುವ ಎತ್ತುಗಳಿಗೆ ಕುಕ್ಕೆ ಹಾಕುತ್ತಿದ್ದುದನ್ನು ನೆನೆಯಬಹುದು. ಬಾಯಿ ಬಿಗಿಯುವ ಬಟ್ಟೆಯ ಪಟ್ಟಿ ಬೇಡ. ನಾಯಿ ಮೈ ತಣ್ಣಗಾಗಿಸಿಕೊಳ್ಳುವುದು ಬಾಯಿ ತೆರೆದು ತೇಕುವುದರಿಂದ. ಅದಕ್ಕೂ ನೀರು ಕುಡಿಯುವುದಕ್ಕೂ ಎಡೆಯಿರುವ ಬುಟ್ಟಿಯಂಥ ಕುಕ್ಕೆಯೇ ಆಗಬೇಕು. ಹಲವು ದಿನ ಮನೆಯಲ್ಲೇ ಕುಕ್ಕೆಯೊಳಗೆ ತಿಂಡಿ ಇಟ್ಟು, ನಾಯಿ ತಾನಾಗಿ ಮೂತಿ ತೂರಿಸುವಂತೆ ಮಾಡಿ, ಆಮೇಲೆ ಬೀದಿಗೆ ಕರೆದೊಯ್ದರೆ ಅದು ಕಿತ್ತುಕೊಳ್ಳಲು ಹೆಣಗುವುದಿಲ್ಲ. ಕುಕ್ಕೆ ಕಂಡ ಜನ ತಮ್ಮ ನಾಯಿಗಳನ್ನು ಎಳೆದುಕೊಂಡು ಆಚೆ ಬದಿಗೆ ಹೋಗುತ್ತಾರೆ. ಯಜಮಾನರಿಗೆ ಅದರಿಂದ ಮುಜುಗರವಾಗಬಹುದು. ಆ ನಾಯಿ ಇಷ್ಟು ದಿನ ಅರಚಿ ಅರಚಿ ಕೇಳುತ್ತಿದ್ದದ್ದು ಅಷ್ಟು ದೂರವನ್ನೇ.