ವೈದ್ಯರ ಬಳಿಗೆ ಒಯ್ಯುವ ಮುನ್ನ: ಗಾಯಗೊಂಡ ಪ್ರಾಣಿಗೆ ಪ್ರಥಮ ಚಿಕಿತ್ಸೆ

ಮನೆಯ ನಾಯಿಗೆ ರಸ್ತೆಯಲ್ಲಿ ವಾಹನ ತಾಗಿದಾಗ, ದೊಡ್ಡಿಯ ಕುರಿಯ ಮೇಲೆ ಬೀದಿನಾಯಿಗಳು ಎರಗಿದಾಗ, ಮಾಳಿಗೆಯಿಂದ ಬೆಕ್ಕು ಜಾರಿ ಬಿದ್ದಾಗ, ಅದನ್ನು ಮೊದಲು ಕಾಣುವವರು ಬಹಳ ಸಲ ಮಕ್ಕಳೇ ಆಗಿರುತ್ತಾರೆ. ಹಿರಿಯರು ಹೊಲದಲ್ಲೋ ಕೂಲಿಯಲ್ಲೋ ಅಂಗಡಿಯಲ್ಲೋ ಇರುವ ಹೊತ್ತಿನಲ್ಲಿ ಶಾಲೆಯಿಂದ ಮರಳಿದ ಮಗುವಿನ ಕಣ್ಣಿಗೆ ಆ ದೃಶ್ಯ ಬೀಳುತ್ತದೆ. ಅಳುತ್ತ ಓಡಿಹೋಗಿ ಪ್ರಾಣಿಯನ್ನು ಅಪ್ಪಿಕೊಳ್ಳುವುದು ಮಗುವಿಗೆ ಸಹಜ. ನೋವಿನಿಂದ ಕಂಗೆಟ್ಟ ಪ್ರಾಣಿ ಹತ್ತಿರ ಬಂದ ಕೈಯನ್ನು ಕಚ್ಚುವುದೂ ಅಷ್ಟೇ ಸಹಜ. ಆದುದರಿಂದ ಪ್ರಾಣಿಗಳ ಪ್ರಥಮ ಚಿಕಿತ್ಸೆ ಹಿರಿಯರಷ್ಟೇ ಮಕ್ಕಳೂ ಅರಿತಿರಬೇಕಾದ ವಿಷಯ.

ನಮ್ಮ ಭಾಗದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಸರಕಾರಿ ಪಶುವೈದ್ಯಶಾಲೆಗಳಿವೆ. ಆದರೆ ಗಡಿಯಂಚಿನ ಹಳ್ಳಿಗಳಿಂದ ಆ ಪಟ್ಟಣಗಳನ್ನು ತಲಪುವುದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಕಲ್ಯಾಣದುರ್ಗದವರು ಸುಮಾರು 60 ಕಿಲೋಮೀಟರ್ ದೂರದ ಅನಂತಪುರದತ್ತ ನೋಡಬೇಕು. ಹಿಂದೂಪುರದವರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಅದೂ ಸುಮಾರು 100 ಕಿಲೋಮೀಟರ್ ದೂರ. ಗಾಯವಾದ ಗಳಿಗೆಗೂ ವೈದ್ಯರ ಕೈ ಸೋಕುವ ಗಳಿಗೆಗೂ ನಡುವೆ ಒಂದು ಗಂಟೆ, ಎರಡು ಗಂಟೆ ಕಳೆದುಹೋಗುತ್ತದೆ. ಆ ಅವಧಿಯಲ್ಲಿ ರೋಗವನ್ನು ಗುಣಪಡಿಸುವುದು ನಮ್ಮ ಕೆಲಸವಲ್ಲ. ಆದ ಹಾನಿ ಹೆಚ್ಚದಂತೆ ತಡೆದು, ಪ್ರಾಣಿಯನ್ನು ಜೀವಂತವಾಗಿ ವೈದ್ಯರಿಗೆ ಒಪ್ಪಿಸುವುದಷ್ಟೇ ನಮ್ಮ ಹೊಣೆ.

ಮೊದಲು ನಿಮ್ಮ ರಕ್ಷಣೆ

ರಸ್ತೆಯಲ್ಲಿ ಬಿದ್ದ ಪ್ರಾಣಿಯ ಬಳಿಗೆ ಹೋಗುವ ಮುನ್ನ ವಾಹನಗಳನ್ನು ನಿಲ್ಲಿಸುವಂತೆ ಒಬ್ಬರು ಕೈಬೀಸಿ ಸೂಚಿಸಲಿ. ವಿದ್ಯುತ್ ತಗುಲಿರುವ ಅನುಮಾನವಿದ್ದರೆ ವಿದ್ಯುತ್ ನಿಲ್ಲಿಸುವವರೆಗೆ ಮುಟ್ಟಲೇಬಾರದು. ಚಿಕ್ಕ ಮಕ್ಕಳು ಹತ್ತಿರ ಹೋಗದೆ ಹಿರಿಯರನ್ನು ಕರೆಯಬೇಕು.

ನಾಯಿಯ ಹತ್ತಿರ ಎದುರಿನಿಂದ ಹೋಗದೆ ಪಕ್ಕದಿಂದ, ಮೆಲುದನಿಯಲ್ಲಿ ಮಾತನಾಡುತ್ತ ಹೋಗಬೇಕು. ಹಳೆಯ ಸೀರೆಯ ಅಂಚು ಅಥವಾ ಉದ್ದನೆಯ ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಸುತ್ತಿ, ಗದ್ದದ ಕೆಳಗೆ ಒಂದು ಗಂಟು ಹಾಕಿ, ತುದಿಗಳನ್ನು ಕಿವಿಯ ಹಿಂಭಾಗಕ್ಕೆ ಒಯ್ದು ಕಟ್ಟಿದರೆ ಕಡಿತದ ಭಯ ತಗ್ಗುತ್ತದೆ. ವಾಂತಿ ಮಾಡುತ್ತಿರುವ, ಉಸಿರಾಟಕ್ಕೆ ತೊಳಲುತ್ತಿರುವ ಅಥವಾ ಪ್ರಜ್ಞೆ ತಪ್ಪಿದ ಪ್ರಾಣಿಗೆ ಹೀಗೆ ಕಟ್ಟಕೂಡದು. ಬೆಕ್ಕಿಗಾದರೆ ದಪ್ಪನೆಯ ಟವೆಲ್ ಹೊದಿಸಿ, ತಲೆಯನ್ನಷ್ಟೇ ಹೊರಗೆ ಬಿಟ್ಟು ಮೈಯೆಲ್ಲ ಸುತ್ತಿ ಎತ್ತುವುದು ಕ್ಷೇಮ.

ಇಷ್ಟಾಗಿಯೂ ಪ್ರಾಣಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಒಡನೆಯೇ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಯಾವುದನ್ನೂ ಗಾಯಕ್ಕೆ ತುಂಬಬಾರದು. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಆರಂಭಿಸಬೇಕು. ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಬಳಿಕ ಬದುಕುಳಿಯುವುದು ಅತ್ಯಂತ ವಿರಳ. ಸಕಾಲದಲ್ಲಿ ಗಾಯ ತೊಳೆದು ಚಿಕಿತ್ಸೆ ಪಡೆದರೆ ರೋಗವನ್ನು ತಡೆಯಬಹುದು. 1885ರಲ್ಲಿ ಲೂಯಿ ಪಾಶ್ಚರ್ ಮೊದಲ ಬಾರಿಗೆ ಈ ಲಸಿಕೆಯನ್ನು ಪ್ರಯೋಗಿಸಿದ್ದು ನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಬಾಲಕನ ಮೇಲೆ; ಆ ಬಾಲಕ ಬದುಕಿಕೊಂಡ. ಕಚ್ಚಿದ ಸಂಗತಿಯನ್ನು ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡುವುದುಂಟು. ಹೇಳಿದರೆ ಯಾರೂ ಗದರುವುದಿಲ್ಲವೆಂಬ ಧೈರ್ಯವನ್ನು ತಂದೆತಾಯಂದಿರು ಮೊದಲೇ ತುಂಬಿರಬೇಕು.

ರಕ್ತ ಸೋರುತ್ತಿದ್ದರೆ

ರಕ್ತಸ್ರಾವಕ್ಕೆ ಉತ್ತಮ ಮದ್ದು ಅಂಗೈಯ ಒತ್ತಡ. ಒಗೆದ ಹತ್ತಿಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು, 5ರಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ರಕ್ತ ನಿಂತಿತೇ ಎಂದು ನಡುನಡುವೆ ಬಟ್ಟೆ ಎತ್ತಿ ನೋಡಿದರೆ ಆಗತಾನೆ ಕಟ್ಟುತ್ತಿದ್ದ ಹೆಪ್ಪು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಡಬೇಕು. ಬಳಿಕ ಪಟ್ಟಿ ಸುತ್ತಬಹುದು. ಆದರೆ ಕಾಲು ಬಾತುಕೊಳ್ಳುವಷ್ಟು ಬಿಗಿ ಸಲ್ಲದು. ಮೈಯಲ್ಲಿ ಕೋಲು, ಗಾಜು, ಕಬ್ಬಿಣದ ಸಲಾಕೆ ನೆಟ್ಟಿದ್ದರೆ ಕೀಳಬಾರದು. ಅದು ಅಲುಗದಂತೆ ಸುತ್ತಲೂ ಬಟ್ಟೆಯ ಆಸರೆ ಕೊಟ್ಟು ಹಾಗೆಯೇ ಒಯ್ಯಬೇಕು.

ಹೊರಗೆ ರಕ್ತ ಕಾಣದಿದ್ದರೂ ಒಳಗೆ ಸೋರುತ್ತಿರಬಹುದು. ತುಟಿಯನ್ನು ಸರಿಸಿ ಒಸಡನ್ನು ನೋಡುವುದು ಇದಕ್ಕೊಂದು ಸರಳ ಪರೀಕ್ಷೆ. ನಸುಗೆಂಪಾಗಿರಬೇಕಾದ ಒಸಡು ಬಿಳಿಚಿಕೊಂಡಿದ್ದರೆ, ಬೆರಳಿನಿಂದ ಒತ್ತಿ ಬಿಟ್ಟಾಗ 2 ಸೆಕೆಂಡಿನೊಳಗೆ ಬಣ್ಣ ಮರಳದಿದ್ದರೆ, ಒಂದು ಗಳಿಗೆಯೂ ತಡಮಾಡಲಾಗದು. ವಾಹನ ತಾಗಿದ ನಾಯಿ ಎದ್ದು ಓಡಾಡಿತೆಂದು ನಿಶ್ಚಿಂತರಾಗುವುದೂ ತಪ್ಪು. ಅದನ್ನು ಅಂದೇ ವೈದ್ಯರಿಗೆ ತೋರಿಸಬೇಕು.

ಕುರಿಯನ್ನು ನಾಯಿಗಳು ಕಚ್ಚಿದಾಗ ಗಾಯಗಳು ಉಣ್ಣೆಯಡಿಯಲ್ಲಿ ಅಡಗಿರುತ್ತವೆ. ಕುತ್ತಿಗೆ, ತೊಡೆ, ಕೆಚ್ಚಲುಗಳನ್ನು ಕೈಯಾಡಿಸಿ ನೋಡಬೇಕು. ಕಾಣದೆ ಉಳಿದ ಹಲ್ಲಿನ ಗುರುತೇ ಕೆಲವು ದಿನಗಳಲ್ಲಿ ಕೀವುಗಟ್ಟಿ ಹುಳು ಬೀಳುವ ಗಾಯವಾಗುತ್ತದೆ.

ಎತ್ತುವ ಬಗೆ, ಒಯ್ಯುವ ಬಗೆ

ಮೂಳೆ ಮುರಿದಿದ್ದರೆ ಎಳೆದು ಸರಿಪಡಿಸುವ, ಬಿದಿರು ಕಟ್ಟುವ ಸಾಹಸ ಬೇಡ. ಅದರಿಂದ ನೋವೂ ಗಾಯವೂ ಹೆಚ್ಚುತ್ತವೆ. ಹಲಗೆ, ಗೋಣಿಚೀಲ, ದಪ್ಪ ಜಮಖಾನೆ ಯಾವುದಾದರೂ ಸರಿ, ಅದನ್ನು ಪಕ್ಕದಲ್ಲಿ ಹಾಸಿ, ಇಬ್ಬರು ಸೇರಿ ಬೆನ್ನು ಬಾಗದಂತೆ ಪ್ರಾಣಿಯನ್ನು ಅದರ ಮೇಲೆ ಸರಿಸಿ ನಾಲ್ಕು ಮೂಲೆ ಹಿಡಿದು ಎತ್ತಬೇಕು. ದ್ವಿಚಕ್ರ ವಾಹನದಲ್ಲಿ ತೊಡೆಯ ಮೇಲೆ ಮಡಚಿಕೊಂಡು ಹೋಗುವುದಕ್ಕಿಂತ ಆಟೋ ಲೇಸು.

ಕುರಿ, ಮೇಕೆ, ಕರುಗಳ ವಿಷಯದಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಸದಾ ವಾಯು ಹುಟ್ಟುತ್ತಿದ್ದು, ಅದು ತೇಗಿನ ಮೂಲಕ ಹೊರಬೀಳಬೇಕು. ಅವುಗಳನ್ನು ಬಹಳ ಹೊತ್ತು ಪಕ್ಕಕ್ಕೆ ಅಥವಾ ಅಂಗಾತ ಮಲಗಿಸಿದರೆ ವಾಯು ಹೊರಬಾರದೆ ಹೊಟ್ಟೆ ಉಬ್ಬಿ ಉಸಿರುಗಟ್ಟುತ್ತದೆ. ಆದುದರಿಂದ ಎದೆ ನೆಲಕ್ಕೆ ತಾಗುವಂತೆ ಕೂರಿಸಿ, ಎರಡೂ ಬದಿಗೆ ಹುಲ್ಲಿನ ಚೀಲದ ಆಸರೆ ಕೊಟ್ಟು ಸಾಗಿಸಬೇಕು. ನಾಲ್ಕು ಕಾಲು ಕಟ್ಟಿ ವಾಹನಕ್ಕೆ ಎಸೆಯುವ ರೂಢಿಯಿಂದ ಗಾಯದಲ್ಲಿ ಸಾಯದ ಪ್ರಾಣಿ ಪ್ರಯಾಣದಲ್ಲಿ ಸಾಯಬಹುದು.

ಬಿಸಿಲಿನ ಹೊಡೆತ

ಬೇಸಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವ ದಿನಗಳುಂಟು. ನಾಯಿಯ ಸಹಜ ದೇಹೋಷ್ಣವೇ 38ರಿಂದ 39 ಡಿಗ್ರಿ ಸೆಲ್ಸಿಯಸ್, ನಮಗಿಂತ ಹೆಚ್ಚು. ಅದು 41ಕ್ಕೇರಿದರೆ ಪ್ರಾಣಾಪಾಯ. ತಗಡಿನ ಮನೆಯಲ್ಲಿ ಕಟ್ಟಿಹಾಕಿದ ನಾಯಿ ಎಡೆಬಿಡದೆ ಏದುತ್ತ, ಜೊಲ್ಲು ಸುರಿಸುತ್ತ, ತೂರಾಡುತ್ತಿದ್ದರೆ ಅದನ್ನು ಬಿಸಿಲಿನ ಹೊಡೆತವೆಂದೇ ಭಾವಿಸಬೇಕು. ಇಲ್ಲಿ ಮಾತ್ರ ಪ್ರಯಾಣಕ್ಕಿಂತ ಮೊದಲು ತಂಪುಮಾಡುವಿಕೆ. ನೆರಳಿಗೆ ತಂದು, ನಲ್ಲಿಯ ನೀರನ್ನು ಮೈಮೇಲೆಲ್ಲ ಸುರಿದು, ಗಾಳಿ ಬೀಸಬೇಕು. ಬಳಿಕ ದಾರಿಯುದ್ದಕ್ಕೂ ಮೈ ಒದ್ದೆಯಾಗಿಯೇ ಇಟ್ಟು ಗಾಳಿಯಾಡುವಂತೆ ಒಯ್ಯಬೇಕು.

ಹಾವು ಮತ್ತು ವಿಷ

ಹಾವು ಕಚ್ಚಿದಾಗ ಗಾಯವನ್ನು ಕೊಯ್ಯುವುದು, ಹೀರುವುದು, ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟುವುದು ಮೂರೂ ನಿಷಿದ್ಧ. ನಾಯಿಗೆ ಕಡಿತ ಬೀಳುವುದು ಹೆಚ್ಚಾಗಿ ಮೂತಿಗೆ ಅಥವಾ ಕಾಲಿಗೆ. ಮುಖ ಬಾತುಕೊಳ್ಳುವ ಮುನ್ನ ಕೊರಳಪಟ್ಟಿಯನ್ನು ಬಿಚ್ಚಿ, ನಡೆಸದೆ ಹೊತ್ತುಕೊಂಡೇ ಒಯ್ಯಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ನಮ್ಮ ದೇಶದಲ್ಲಿ ಒಂದೇ ಪ್ರತಿವಿಷ ಕೊಡುತ್ತಾರೆ. ಆದ್ದರಿಂದ ಹಾವನ್ನು ಹುಡುಕುತ್ತ, ಕೊಲ್ಲುತ್ತ ಕಾಲ ಕಳೆಯಬೇಕಿಲ್ಲ. ಪ್ರತಿವಿಷ ಲಭ್ಯವಿದೆಯೇ ಎಂದು ಹೊರಡುವಾಗಲೇ ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಜಾಣತನ.

ಬೆಳೆಗೆ ಹೊಡೆಯುವ ಕೀಟನಾಶಕ ಅಥವಾ ಇಲಿಪಾಷಾಣ ತಿಂದಿದ್ದರೆ ಅದರ ಡಬ್ಬಿಯನ್ನೋ ಪೊಟ್ಟಣವನ್ನೋ ಜೊತೆಗೆ ಒಯ್ಯಬೇಕು. ಅದರ ಮೇಲಿನ ಹೆಸರನ್ನು ನೋಡಿ ವೈದ್ಯರು ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಕೆಲವು ಇಲಿಪಾಷಾಣಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಅವುಗಳ ಲಕ್ಷಣ ತೋರುವುದು ಕೆಲವು ದಿನಗಳ ನಂತರ. ಪ್ರಾಣಿ ಆಡಿಕೊಂಡಿದೆ ಎಂದು ಕಾಯುವುದು ಇಲ್ಲಿ ಮಾರಕ.

ಮನೆಮದ್ದಿನ ಮಿತಿ

ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್, ಬ್ಯಾಟರಿಯ ಪುಡಿ ಹಾಕುವುದು ಇಂದಿಗೂ ಕಂಡುಬರುತ್ತದೆ. ಇವು ಮಾಂಸವನ್ನು ಸುಡುತ್ತವೆ. ಪ್ರಾಣಿ ನೆಕ್ಕಿದಾಗ ಹೊಟ್ಟೆಗೂ ಸೇರುತ್ತವೆ. ನಮ್ಮ ಮಾತ್ರೆಗಳನ್ನು ಪ್ರಾಣಿಗೆ ನುಂಗಿಸುವುದು ಇನ್ನೂ ಅಪಾಯಕರ. ಜ್ವರಕ್ಕೆ ನಾವು ನುಂಗುವ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಪ್ರಜ್ಞೆ ತಪ್ಪಿದ ಪ್ರಾಣಿಯ ಬಾಯಿಗೆ ನೀರು, ಹಾಲು, ಎಣ್ಣೆ ಏನನ್ನೂ ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಗಾಯದ ಮಣ್ಣನ್ನು ಸ್ವಚ್ಛ ನೀರಿನಿಂದ ತೊಳೆದು ಬಟ್ಟೆ ಮುಚ್ಚಿದರೆ ಸಾಕು.

ಯಾರಿಗೆ ಹೇಳಬೇಕು, ಏನು ಹೇಳಬೇಕು

ಆಂಧ್ರಪ್ರದೇಶದಲ್ಲಿ 2022ರ ಮೇ ತಿಂಗಳಿನಿಂದ ಸಂಚಾರಿ ಪಶುಚಿಕಿತ್ಸಾ ವಾಹನಗಳು ಸೇವೆ ಸಲ್ಲಿಸುತ್ತಿವೆ. ಅವುಗಳ ಉಚಿತ ಕರೆಯ ಸಂಖ್ಯೆ 1962; ಕರ್ನಾಟಕದಲ್ಲಿಯೂ ಇದೇ ಸಂಖ್ಯೆ. ಗಡಿಯ ಹಳ್ಳಿಗಳಿಂದ ಕರೆಮಾಡುವವರು ತಮ್ಮ ಊರು, ಮಂಡಲ, ಜಿಲ್ಲೆಗಳನ್ನು ಮೊದಲಿಗೇ ಸ್ಪಷ್ಟವಾಗಿ ಹೇಳಬೇಕು. ಹಿಂದೂಪುರ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಇದೆ ಎಂಬುದನ್ನು ಮಕ್ಕಳು ಮರೆಯದಿರಲಿ. ಆ ಬಳಿಕ ಯಾವ ಪ್ರಾಣಿ, ಏನಾಯಿತು, ಯಾವಾಗ ಆಯಿತು, ಉಸಿರಾಡುತ್ತಿದೆಯೇ ಎಂಬ ನಾಲ್ಕು ಮಾತು ಸಾಕು. ಉತ್ತರ ತೆಲುಗಿನಲ್ಲಿ ಬರುತ್ತದೆಂದು ಕನ್ನಡ ಶಾಲೆಯ ಮಕ್ಕಳು ಹಿಂಜರಿಯಬೇಕಿಲ್ಲ. ನಾಯಿಗೆ ಕುಕ್ಕ, ಬೆಕ್ಕಿಗೆ ಪಿಲ್ಲಿ, ಕುರಿಗೆ ಗೊರ್ರೆ, ಹಾವಿಗೆ ಪಾಮು ಎಂಬ ಮಾತುಗಳು ಬೀದಿಯಲ್ಲಿ ಅವರಿಗೆ ದಿನವೂ ಕೇಳಿಬರುವಂಥವೇ.

ವಾಹನ ಬರುವ ಖಚಿತ ಭರವಸೆ ಸಿಗದಿದ್ದರೆ, ಅದರಲ್ಲೂ ರಾತ್ರಿಯ ವೇಳೆ, ಕಾಯುತ್ತ ಕೂರದೆ ಹತ್ತಿರದ ಪಶುವೈದ್ಯರಿಗೆ ತಿಳಿಸಿ ಹೊರಡುವುದೇ ಸರಿ. ಅದಕ್ಕಾಗಿ ಊರಿನ ಪಶುವೈದ್ಯರ ದೂರವಾಣಿ ಸಂಖ್ಯೆಯನ್ನೂ ಬಾಡಿಗೆಗೆ ಸಿಗುವ ಆಟೋದವರ ಸಂಖ್ಯೆಯನ್ನೂ ಇಂದೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಒಂದು ಡಬ್ಬಿಯಲ್ಲಿ ಒಗೆದ ಹತ್ತಿಬಟ್ಟೆ, ಸುತ್ತುಪಟ್ಟಿ, ಹಳೆಯ ಟವೆಲ್, ಕೈಗವಸು, ಸಾಬೂನು ಇರಲಿ. ಮನೆಯ ನಾಯಿಬೆಕ್ಕುಗಳಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ತಪ್ಪದಿರಲಿ. ಲಸಿಕೆ ಹಾಕಿಸಿದ ದಿನಾಂಕವನ್ನೂ ಅದೇ ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟರೆ, ಆಪತ್ತಿನ ದಿನ ವೈದ್ಯರು ಕೇಳುವ ಪ್ರಶ್ನೆಗೆ ಮನೆಯ ಮಗುವೇ ಉತ್ತರ ಹೇಳಬಲ್ಲದು.